ಇಬ್ಬರಿಗೊಂದು ಕಿಟಕಿ

ನಮ್ಮ ಮನೆಯಾಕಿ ಅಗಸಿ ಹುರಿಯಲಿಕ್ಕೆ ನಿಂತಳೆಂದರೆ ನನಗೆ ಊಟ ನೆನಪಾಗುವುದಿಲ್ಲ, ಕಿಟಕಿ ನೆನಪಾಗುತ್ತದೆ. ಉಳಿದವರಿಗೆ ಅಗಸಿ ಅಂದರೆ ಚಟ್ನಿ. ನಮ್ಮ ಬಡಿಗತನದವರಿಗೆ ಅದು ಹಳೆಯ ಕಟ್ಟಿಗೆಗೆ ಕುಡಿಸುವ ಎಣ್ಣೆ. ಇವತ್ತು ಇಳಿಹೊತ್ತಿಗೆ ಆ ವಾಸನೆ ಹೊರಗಿನ ಪಡಸಾಲೆಯ ತನಕ ಬಂತು. ನಾನು ಮೂಗು ಅಗಲಿಸಿ ಕೂತದ್ದನ್ನು ಆಕೆ ಒಳಗಿನಿಂದಲೇ ನೋಡಿದಳು.

"ಏನ್ರಿ, ಮತ್ತ ಯಾವ ಕಿಡಕಿ ನೆನಪಾತು? ನನ್ನ ಹಿಂಗ ಒಂದಿನಾನರ ನೆನಸೀರೇನು?"

ಎದುರಿಗೇ ಇರುವವಳನ್ನು ನೆನೆಸುವುದು ಹೇಗೆ, ನೀವೇ ಹೇಳಿರಿ. ಆದರೆ ಬಾಯಿ ಬಿಡಲಿಲ್ಲ. ಚಟ್ನಿ ಇನ್ನೂ ಆಗಬೇಕಾಗಿತ್ತು.

ನೆನಪಾದದ್ದು ಧಾರವಾಡದ ಒಂದು ಹಳೆಯ ವಾಚನಾಲಯದ ಸಾಗವಾನಿ ಕಿಟಕಿ. ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟು ಕಟ್ಟಿಗೆ ಹೆರೆಯುವ ರಂದಾ ಹಿಡಿದವನು. ಪುಸ್ತಕದ ಹೊರಮೈ ನೋಡಿ ಒಳಗಿನದನ್ನು ಹೇಳಲಾರೆ. ಕಟ್ಟಿಗೆಯ ಮೇಲೆ ಬೆರಳು ಬಡಿದು ನೋಡಿದರೆ ಗಟ್ಟಿಯೋ ಪೊಳ್ಳೋ ಹೇಳುತ್ತೇನೆ. ಜಂಬ ಅಂದರೆ ಜಂಬ. ಅಲ್ಲಿಯ ಕಟ್ಟಿಗೆ ಗಟ್ಟಿಯೇ ಇತ್ತು, ರೋಗ ಬೇರೆ ಇತ್ತು. ವಾಚನಾಲಯಕ್ಕೆ ಯಾರಾದರೂ ದೊಡ್ಡ ಅತಿಥಿ ಬರುವುದಿದ್ದರೆ ಹಿಂದಿನ ದಿನ ಕಿಟಕಿಗಳಿಗೆ ಬಣ್ಣ ಬಳಿಯುವ ಪದ್ಧತಿ. ಹಳೆಯ ಬಣ್ಣ ಕೆರೆಯುವ ಪದ್ಧತಿ ಇಲ್ಲ. ಅತಿಥಿ ಕೆರೆದು ನೋಡುವುದಿಲ್ಲವಲ್ಲ! ಹಸಿರಿನ ಮೇಲೆ ನೀಲಿ, ನೀಲಿಯ ಮೇಲೆ ಕಂದು. ಅತಿಥಿಗಳು ಭಾಷಣ ಮುಗಿಸಿ ಹೋದರು, ಬಣ್ಣ ಅಲ್ಲೇ ಉಳಿಯಿತು. ಕಡೆಗೆ ಪಡಕಗಳು, ಅಂದರೆ ಕಿಟಕಿಯ ಬಾಗಿಲುಗಳು, ಚೌಕಟ್ಟಿಗೆ ಅಂಟಿಕೊಂಡು ಅರ್ಧ ತೆರೆದವು ಅರ್ಧಕ್ಕೇ ನಿಂತವು, ಮುಚ್ಚಿದವು ಮುಚ್ಚಿಯೇ ಉಳಿದವು.

ವಾಚನಾಲಯದ ಅಧ್ಯಕ್ಷರು ಬೇಸತ್ತು, ಎಲ್ಲಾ ಕಿತ್ತು ಅಲ್ಯುಮಿನಿಯಂ ಹಾಕಿಸುವ ತಯಾರಿಯಲ್ಲಿದ್ದರು. ಕಪಾಟು ರಿಪೇರಿಗೆಂದು ಅಲ್ಲಿಗೆ ಹೋಗಿದ್ದ ನನಗೆ ತಡೆಯಲಾಗಲಿಲ್ಲ. "ಒಂದು ಕಿಡಕಿ ನನ್ನ ಕೈಯಾಗ ಕೊಡ್ರಿ, ಮಾಡಿ ತೋರಸ್ತೇನಿ" ಅಂದೆ.

"ಆತು. ಆದರ ಆ ಮೂಲ್ಯಾಗಿನ ಕಿಡಕೀನ ಮಾಡ್ರಿ. ಅಲ್ಲಿ ಕೂಡೂ ಹಿರ್ಯಾರು ಇಬ್ಬರೂ ಹ್ಞೂಂ ಅಂದರ ಎಲ್ಲಾ ಕಟಗೀವೇ ಇರಲಿ. ಇಲ್ಲಾಂದ್ರ ಅಲ್ಯುಮಿನಿಯಂ."

ಕೇಳಿಸಿಕೊಂಡ ಜವಾನ ಬಾಯಿಗೆ ಟವೆಲ್ ಒತ್ತಿಕೊಂಡ. ಯಾಕೆಂದು ಮರುದಿನ ತಿಳಿಯಿತು.

ಆ ಹಿರಿಯರು ಜೋಶಿ ಮಾಸ್ತರರು ಮತ್ತು ಬುಡನಸಾಬರು. ಒಬ್ಬರು ಸಾಲಿ ಕಲಿಸಿ ನಿವೃತ್ತರಾದವರು, ಇನ್ನೊಬ್ಬರು ಗಡಿಯಾರ ರಿಪೇರಿಯ ಅಂಗಡಿಯನ್ನು ಮಗನಿಗೆ ಬಿಟ್ಟವರು. ಸಣ್ಣಂದಿನ ಗೆಳೆಯರು. ಮಾಸ್ತರರಿಗೆ ಗಾಳಿ ಆಗದು. ಪೇಪರು ಹಾರುತ್ತದೆ, ನೆಗಡಿ ಬರುತ್ತದೆ. ಬುಡನಸಾಬರಿಗೆ ಗಾಳಿ ಇಲ್ಲದಿದ್ದರೆ ಅಕ್ಷರವೇ ಕಾಣುವುದಿಲ್ಲವಂತೆ.

"ಬಡಿಗೇರ್ರ, ಗಟ್ಟಿ ಮುಚ್ಚೂ ಹಂಗ ಮಾಡ್ರಿ" ಅಂದರು ಮಾಸ್ತರರು.

"ಅಂವನ ಮಾತು ಕೇಳಬ್ಯಾಡ್ರಿ. ಮುಚ್ಚಿಕೊಂಡು ಕೂಡೂದಿದ್ರ ಪುಸ್ತಕದ ಕಪಾಟದಾಗ ಹೋಗಿ ಕೂಡ್ಲಿ."

"ಗಾಳಿ ಬೇಕಂದ್ರ ಗುಡ್ಡಾ ಹತ್ತೋ, ಬುಡ್ಯಾ."

"ಹತ್ತತೇನಿ. ಪೇಪರ್ ಹೊತಗೊಂಡು ನೀ ಬರ್ತೀಯೇನು?"

ಇವರಿಬ್ಬರ ಹ್ಞೂಂ ನನಗೆ ಬೇಕಾಗಿತ್ತು.

ಬಣ್ಣ ಕಾಯಿಸಿ ಕೆರೆಯುತ್ತ ಹೋದೆ. ಕಿಟಕಿಯ ನಡುವೆ ಅಡ್ಡಕ್ಕೆ ಯಾರೋ ಒಂದು ಪಟ್ಟಿ ಬಡಿದಿದ್ದರು. ಅದನ್ನು ಎಬ್ಬಿಸಿದರೆ ಕೆಳಗೆ ಸಂದು! ಎಲ್ಲರೂ ಎರಡೇ ಪಡಕ ಅಂದುಕೊಂಡಿದ್ದ ಕಿಟಕಿಗೆ ನಾಲ್ಕಿದ್ದವು: ಮೇಲೆ ಎರಡು, ಕೆಳಗೆ ಎರಡು. ಮೇಲಿನವನ್ನು ತೆರೆದರೆ ಸಾಬರಿಗೆ ಗಾಳಿ, ಕೆಳಗಿನವನ್ನು ಮುಚ್ಚಿದರೆ ಮಾಸ್ತರರ ಪೇಪರು ಕದಲುವುದಿಲ್ಲ. ಅಲ್ಲೇ ಏಣಿಯ ಮೇಲೆ ಕುಣಿಯುವುದೊಂದು ಬಾಕಿ. ಒಂದು ಕಡೆ ಮಾತ್ರ ಕೊಳೆತಿದ್ದ ಅಂಚನ್ನು ಕೊಯ್ದು ಹೊಸ ಸಾಗವಾನಿ ಕೂಡಿಸಿದೆ, ಬಿಜಾಗರಿ ಒರೆಸಿದೆ, ಕಟ್ಟಿಗೆ ಸಾಕು ಅನ್ನುವ ತನಕ ಅಗಸಿ ಎಣ್ಣೆ ಕುಡಿಸಿದೆ. ಮೇಲಿನ ಪಡಕ ಪೂರ್ತಿ ತೆರೆದು ನಿಲ್ಲುವಂತೆ ಕೊಕ್ಕಿಯನ್ನೂ ಹಾಕಿದೆ.

ಅಧ್ಯಕ್ಷರು ನೋಡಲು ಬಂದ ದಿನ ಒಂದೇ ಬೆರಳಿನಿಂದ ತೆರೆದು ತೋರಿಸಿದೆ. ಗಾಳಿ ತಲೆಯ ಮೇಲಿಂದ ಹಾಯ್ದು ಸಾಬರ ಕಡೆಗೆ ಹೋಯಿತು. ಮಾಸ್ತರರ ಪೇಪರು ಸತ್ತಂತೆ ಬಿದ್ದಿತ್ತು. ಇಬ್ಬರೂ ಕಿಟಕಿ ನೋಡಿದರು, ಒಬ್ಬರನ್ನೊಬ್ಬರು ನೋಡಿದರು, ಓದಲಿಕ್ಕೆ ಕೂತರು. ಹಾಳೆ ತಿರುವುವ ಸಪ್ಪಳ ಬಿಟ್ಟರೆ ಮತ್ತೇನಿಲ್ಲ.

"ಒಲ್ಲೆ" ಅಂದರು ಮಾಸ್ತರರು.

"ನನಗೂ ಬ್ಯಾಡ" ಅಂದರು ಬುಡನಸಾಬರು.

ಅಧ್ಯಕ್ಷರು ಕಣ್ಣು ಬಿಟ್ಟರು. "ಯಾಕ್ರಿ ಸಾಬ್ರ? ನಿಮಗ ಗಾಳಿ ಬಂತು, ಅವರಿಗೆ ಬರಲಿಲ್ಲ. ಇನ್ನೇನು ಬೇಕು?"

"ಅದನ್ನ ಹೇಳಾಕತ್ತೇನ್ರಿ. ಇನ್ನ ನಾವು ಇಲ್ಲಿ ಬಂದು ಮಾಡೂದೇನು?"

"ಪೇಪರ್ ಮನ್ಯಾಗೂ ಬರ್ತದ್ರಿ" ಅಂದರು ಮಾಸ್ತರರು.

ಜೀವಮಾನದಲ್ಲಿ ಮೊದಲ ಸಲ ಒಂದಾಗಿದ್ದರು, ಅದೂ ನನ್ನ ತಲೆಯ ಮೇಲೆ ಕಲ್ಲು ಹಾಕಲಿಕ್ಕೆ. ಅಧ್ಯಕ್ಷರು ಅಲ್ಯುಮಿನಿಯಂನವನಿಗೆ ಹಚ್ಚಲು ಫೋನು ತೆಗೆದರು. ನನಗೆ ಸಿಟ್ಟು ಬಂತು. ಬೇರೇನೂ ತೋಚದೆ, "ಮ್ಯಾಲಿನ ಪಡಕ ಎಷ್ಟು ತೆರೀಬೇಕು, ಅದನ್ನರ ಹೇಳ್ರಿ. ಕೊಕ್ಕಿ ಅಲ್ಲೇ ಬಡೀತೇನಿ" ಅಂದೆ.

"ಪೂರ್ತಿ" ಅಂದರು ಸಾಬರು.

"ಪೂರ್ತಿ ಯಾಕೋ? ನನ್ನ ನೆತ್ತೀ ಮ್ಯಾಲೆ ಬೀಳ್ತದ ಗಾಳಿ. ಅರ್ಧ ಸಾಕು."

"ನಿನ್ನ ನೆತ್ತಿ ಮ್ಯಾಲೆ ಹಾರಲಿಕ್ಕೆ ಏನೈತಿ?"

ಮಾಸ್ತರರು ಪೇಪರು ಮಡಚಿಟ್ಟು ಎದ್ದರು. ಸಾಬರೂ ಎದ್ದರು. ನಾನು ಲಗೂನೆ ಚೌಕಟ್ಟಿಗೆ ಮೂರು ಕಡೆ ಕೊಕ್ಕಿ ಸಿಗಿಸುವ ಬಳೆ ಬಡಿದೆ: ಪೂರ್ತಿಗೊಂದು, ಅರ್ಧಕ್ಕೊಂದು, ಸ್ವಲ್ಪಕ್ಕೊಂದು. ಒಬ್ಬರು ಕೊಕ್ಕಿ ಸಿಗಿಸುವುದು, ಇನ್ನೊಬ್ಬರು ಬಿಡಿಸುವುದು. ಅಧ್ಯಕ್ಷರ ಫೋನು ಕೈಯಲ್ಲೇ ಉಳಿಯಿತು.

"ಹ್ಞೂಂ ಅಂತೀರೋ ಇಲ್ಲೋ?"

"ಹ್ಞೂಂ ಹ್ಞೂಂ, ನೀವು ನಡೀರಿ" ಅಂದರು ಇಬ್ಬರೂ, ಕೊಕ್ಕಿ ಬಿಡದೆ.

ಎಲ್ಲಾ ಕಿಟಕಿಗಳೂ ಕಟ್ಟಿಗೆಯವೇ ಉಳಿದವು. ಈಗಲೂ ಪ್ರತಿ ವರ್ಷ ಮಳೆಗಾಲದ ಮುಂಚೆ ಹೋಗಿ ಎಣ್ಣೆ ಹಚ್ಚಿ ಬರುತ್ತೇನೆ. ಮೂಲೆಯ ಕಿಟಕಿಯ ನಡುವಿನ ಬಳೆ ಮಾತ್ರ ಪ್ರತಿ ಸಲ ಸವೆದಿರುತ್ತದೆ.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಧಾರವಾಡದ ಪಕ್ಕದ ಸತ್ತೂರಿನ ಈ ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಾಯಿತು. "ಕಿಡಕಿ ಮುಚ್ರಿ, ಸೊಳ್ಳಿ ಬರಾಕತ್ತಾವ" ಅಂದಳು ಆಕೆ ಒಳಗಿನಿಂದ. ಇಷ್ಟು ದಿನ ತಕರಾರು ಯಾಕೆಂದು ಸುಮ್ಮನೆ ಎದ್ದು ಮುಚ್ಚುತ್ತಿದ್ದೆ. ಆಕೆ ಒಳಗೆ, ನಾನು ಹೊರಗೆ, ಮನೆಯೆಲ್ಲ ಶಾಂತ.

"ಇರಲಿ ಬಿಡು, ಗಾಳಿ ಛಲೋ ಬರ್ತದ" ಅಂದೆ.

ಸೌಟು ಹಿಡಿದೇ ಹೊರಗೆ ಬಂದಳು. "ಏನಂದ್ರಿ?"

ಇನ್ನೊಂದು ಕುರ್ಚಿ ಎಳೆದು ನನ್ನ ಪಕ್ಕದಲ್ಲಿಟ್ಟೆ.