ಬಿದಿಗೆಯ ವೀಸಾ

ಯುರೋಪಿನ ಆ ದೇಶದ ಹೆಸರು ಹೇಳುವುದಿಲ್ಲ. ಇನ್ನೊಮ್ಮೆ ವೀಸಾ ಬೇಕಾದೀತು. ಅಲ್ಲಿ ನನ್ನ ತಂಗಿ ಚೊಚ್ಚಲ ಬಸುರಿ. ಮೈಸೂರಿನಲ್ಲಿದ್ದ ಅಮ್ಮ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದರು. ಹಾಗಾಗಿ ಬಾಣಂತನ ಟೋಕಿಯೋದಲ್ಲಿದ್ದ ನನ್ನ ಪಾಲಿಗೆ ಬಂತು.

“ಹೆರಿಗೆ ಹೊತ್ತಿಗೆ ನೀನು ಪಕ್ಕದಲ್ಲಿರ್ಬೇಕು ಅಕ್ಕ. ಇಲ್ಲಿಯವರ ಭಾಷೇಲಿ ನೋವು ಅನ್ನೋಕೂ ನಂಗೆ ಬರಲ್ಲ,” ಎಂದು ತಂಗಿ ಫೋನಿನಲ್ಲಿ ಅತ್ತಿದ್ದಳು. ಬಂದೇ ಬರುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಬುದ್ಧಿಗೆಟ್ಟು ಪ್ರಪಂಚ ಮುಳುಗುತ್ತದೆ ಎಂದು ಎಲ್ಲರೂ ಹೆದರಿದ್ದ ಕಾಲ ಅದು. ಮುಳುಗದಂತೆ ತಡೆಯಲು ಬೆಂಗಳೂರಿನಿಂದ ಕಳಿಸಿದ್ದವರಲ್ಲಿ ನಾನೂ ಒಬ್ಬಳು. ದಿನವಿಡೀ ಒಂದು ವಿಮಾ ಕಂಪನಿಯ ಪ್ರೋಗ್ರಾಂಗಳಲ್ಲಿ ತಾರೀಖು ತಿದ್ದುವುದೇ ನನ್ನ ಕೆಲಸ. ತಾರೀಖಿನ ವಿಷಯದಲ್ಲಿ ನನ್ನಷ್ಟು ಎಚ್ಚರದವಳು ಟೋಕಿಯೋದ ಓಜಿಮಾ ಬಡಾವಣೆಯ ನಮ್ಮ ಕಟ್ಟಡದಲ್ಲೇ ಇನ್ನೊಬ್ಬಳಿಲ್ಲ ಎಂಬ ಜಂಬವಿತ್ತು.

ವೀಸಾಕ್ಕೆ ಆ ದೇಶದ ರಾಯಭಾರ ಕಚೇರಿಯವರು ಹದಿನೇಳು ಕಾಗದ ಕೇಳಿದರು. ಹೋಗುವುದಕ್ಕೆ ಪುರಾವೆ, ಹಿಂತಿರುಗುವುದಕ್ಕೆ ಪುರಾವೆ, ತಂಗಿ ನನ್ನ ತಂಗಿಯೇ ಎಂಬುದಕ್ಕೆ ಪುರಾವೆ. ಕಂಪನಿ ಕೊಟ್ಟ ಪತ್ರದಲ್ಲಿ ಜಪಾನಿನ ರೂಢಿಯಂತೆ ಚಕ್ರವರ್ತಿಯ ಆಳ್ವಿಕೆಯ ಹನ್ನೊಂದನೆಯ ವರ್ಷ ಎಂದಿತ್ತು. ಎಲ್ಲರಿಗೂ ತಿಳಿಯುವ ಇಸವಿ ಬರೆಸಿಕೊಂಡು ಬನ್ನಿ ಎಂದು ವಾಪಸ್ ಕಳಿಸಿದರು. ಇತ್ತ ಜಪಾನಿನವರು, ಹೊರಗೆ ಹೋದವಳು ಮತ್ತೆ ಒಳಗೆ ಬರಬೇಕಾದರೆ ಹೋಗುವ ಮೊದಲೇ ಅಪ್ಪಣೆ ಪಡೆದಿರಬೇಕು ಎಂದರು. ಅದಕ್ಕೂ ಒಂದು ದಿನ ರಜೆ ಹಾಕಿ ಕ್ಯೂ ನಿಂತೆ.

ರಾಯಭಾರ ಕಚೇರಿಯ ಕೌಂಟರಿನಲ್ಲಿ ಜಪಾನಿ ಹೆಂಗಸೊಬ್ಬರಿದ್ದರು. ಬೆಣ್ಣೆಯಂಥ ಮಾತು. ಪ್ರಯಾಣದ ಉದ್ದೇಶ ಎಂಬಲ್ಲಿ ನಾನು ಬಾಣಂತನವನ್ನು ವಿವರಿಸಿ ಬರೆದಿದ್ದನ್ನು ಎರಡು ಸಲ ಓದಿದರು.

“ಸುಮಿಮಾಸೆನ್, ಕ್ಷಮಿಸಿ, ಇದು ಉದ್ಯೋಗವೇ?”

“ಅಲ್ಲ.”

“ಮಗುವಿಗೆ ಸ್ನಾನ, ತಾಯಿಗೆ ಅಡುಗೆ, ನಾಲ್ಕು ವಾರ. ಸಂಬಳ ಎಷ್ಟು?”

“ಸಂಬಳ ಇಲ್ಲ. ಬೈಗುಳ ಸಿಗುತ್ತೆ.”

ಅವರು ನಗಲಿಲ್ಲ. ಪ್ರತಿದಿನದ ಕಾರ್ಯಕ್ರಮ ಬರೆದುಕೊಡಿ ಎಂದರು. ಬರೆದೆ. ಮೊದಲ ದಿನ ಅರಮನೆ, ಎರಡನೆಯ ದಿನ ಮ್ಯೂಸಿಯಂ, ಮೂರನೆಯ ದಿನ ಇನ್ನೊಂದು ಅರಮನೆ. ಹಸಿ ಬಾಣಂತಿಯನ್ನು ಬಿಟ್ಟು ಅರಮನೆ ಸುತ್ತುವ ಅಕ್ಕನನ್ನು ಅವರು ಕೂಡಲೇ ನಂಬಿದರು.

ಉಳಿದದ್ದು ಹೊರಡುವ ತಾರೀಖು. ಡಾಕ್ಟರು ಹೇಳಿದ ಹೆರಿಗೆಯ ದಿನಕ್ಕೆ ಹತ್ತು ದಿನ ಮೊದಲು, ಒಂದು ಶುಕ್ರವಾರ, ಹೊರಡುವುದೆಂದುಕೊಂಡು ಅಮ್ಮನಿಗೆ ಫೋನು ಮಾಡಿದೆ. ಪಂಚಾಂಗದ ಹಾಳೆ ಮಗುಚುವ ಸದ್ದು ಕೇಳಿಸಿತು.

“ಶುಕ್ರವಾರ ಅಮಾವಾಸ್ಯೆ ಕಣೇ. ಶನಿವಾರ ಪಾಡ್ಯ. ಭಾನುವಾರ ಬಿದಿಗೆ, ಚೆನ್ನಾಗಿದೆ. ಅವತ್ತು ಹೊರಡು.”

“ಅಮ್ಮ, ಇಲ್ಲಿ ಅದನ್ನೆಲ್ಲ ಯಾರು ಕೇಳ್ತಾರೆ?”

“ನಾನು ಕೇಳ್ತೀನಿ. ಎರಡು ದಿನದಲ್ಲಿ ಏನ್ ಮಹಾ ಆಗೋಗತ್ತೆ?”

ಹದಿನೇಳು ಕಾಗದ ಕೇಳಿದವರ ಮೇಲೆ ಹರಿಹಾಯುತ್ತಿದ್ದವಳು ಈ ಹದಿನೆಂಟನೆಯದಕ್ಕೆ ತುಟಿಪಿಟಕ್ಕೆನ್ನದೆ ತಲೆಬಾಗಿದೆ. ಅರ್ಜಿಯಲ್ಲಿ ಭಾನುವಾರದ ತಾರೀಖನ್ನು ದುಂಡಗೆ ಬರೆದೆ. ವೀಸಾ ಅಂದಿನಿಂದಲೇ ಜಾರಿ ಎಂದು ಅಚ್ಚಾಗಿ ಬಂತು. ಯಾಕೆ ಎರಡು ದಿನ ಮುಂದೆ ಹಾಕಿದೆ ಎಂದು ತಂಗಿ ಕೇಳಿದಾಗ, ಬಿದಿಗೆ ಒಳ್ಳೆಯದಂತೆ ಎಂದೆ.

ಆ ಅಮಾವಾಸ್ಯೆಯ ಬೆಳಿಗ್ಗೆ ಆಫೀಸಿಗೆ ಹೊರಟಿದ್ದಾಗ ತಂಗಿಯ ಗಂಡ ಫೋನು ಮಾಡಿದರು. ನೋವು ಶುರುವಾಗಿ ಅವಳನ್ನು ಆಸ್ಪತ್ರೆಗೆ ಸೇರಿಸಿದ್ದರು. ವಿಚಾರಿಸಿದೆ, ಮಧ್ಯಾಹ್ನದ ವಿಮಾನದಲ್ಲಿ ಸೀಟಿತ್ತು. ಮೆಂತ್ಯ, ಒಣಶುಂಠಿ, ಓಮ ತುಂಬಿದ ಸೂಟ್‌ಕೇಸು ಬಾಗಿಲಲ್ಲೇ ನಿಂತಿತ್ತು. ರಾಯಭಾರ ಕಚೇರಿಗೆ ಫೋನು ಮಾಡಿ ಅಂಗಲಾಚಿದೆ.

“ವೀಸಾ ಭಾನುವಾರದಿಂದ. ಅದಕ್ಕೆ ಮೊದಲು ಹೋದರೆ ಒಳಗೆ ಬಿಡುವುದಿಲ್ಲ. ಬದಲಾಯಿಸಲು ಹೊಸ ಅರ್ಜಿ ಬೇಕು,” ಎಂದರು ಅದೇ ಹೆಂಗಸು. ಆಮೇಲೆ ಮೆಲ್ಲಗೆ, ನಿಜವಾದ ಮರುಕದಿಂದಲೇ, “ಭಾನುವಾರ ಎಂದು ಬರೆದದ್ದು ತಾವೇ ಅಲ್ಲವೇ?” ಎಂದು ಕೇಳಿದರು.

ಹೌದು, ನಾನೇ. ಅವರನ್ನು ಬೈಯಲು ಒಂದು ನೆಪ ಹುಡುಕಿದೆ, ಸಿಗಲಿಲ್ಲ. ಅಂದು ಆಫೀಸಿಗೆ ಹೋಗಿ ಸಂಜೆಯವರೆಗೆ ಬೇರೆಯವರ ತಾರೀಖುಗಳನ್ನು ತಿದ್ದಿದೆ.

ಮಗು ಶನಿವಾರ ಹುಟ್ಟಿತು. ಭಾನುವಾರ ನಾನು ಅಲ್ಲಿ ಇಳಿದಾಗ ವಿಮಾನ ನಿಲ್ದಾಣದ ಅಧಿಕಾರಿ ಹದಿನೇಳು ಕಾಗದಗಳಲ್ಲಿ ಒಂದನ್ನೂ ಕೇಳದೆ ಆಕಳಿಸುತ್ತ ಮುದ್ರೆ ಒತ್ತಿದ. ಅರಮನೆಗಳ ಪಟ್ಟಿ ನನ್ನ ಕೈಯಲ್ಲೇ ಉಳಿಯಿತು.

ಆಸ್ಪತ್ರೆಯಲ್ಲಿ ತಂಗಿ ಮಗುವನ್ನು ಎದೆಗೆ ಒತ್ತಿಕೊಂಡು ಮಲಗಿದ್ದಳು. ಕಚ್ಚಿ ಕಚ್ಚಿ ತುಟಿ ಒಡೆದಿತ್ತು. ನಾನು ಬರುವಂತಿಲ್ಲ ಎಂದು ಗೊತ್ತಿದ್ದೂ, ಬಾಗಿಲು ತೆರೆದಾಗಲೆಲ್ಲ ತಲೆ ಎತ್ತಿ ನೋಡುತ್ತಿದ್ದಳು ಎಂದು ಅವಳ ಗಂಡ ಹೇಳಿದರು. ನನಗೆ ಅಳು ತಡೆಯಲಾಗಲಿಲ್ಲ. ಅವಳು ಅಳಲಿಲ್ಲ.

“ಬಾ ಅಕ್ಕ,” ಎಂದಳು. “ಬಿದಿಗೆ ಚೆನ್ನಾಗಿತ್ತಾ?”