ಹಂದಿ ಹೊಡೆದು ತಿನ್ನದ ಕಲ್ಲೇಶಪ್ಪನವರು

ಕೋವಿಯನ್ನೂ ಫ್ಲಾಸ್ಕಿನ ಹಾಗೆ ತೊಳೆಯುತ್ತಾರೆಂದು ನಾನು ತಿಳಿದಿದ್ದೆ. ಹಗರೆಯ ಗೊಬ್ಬರದ ಅಂಗಡಿಯಲ್ಲಿ ಸಂಬಳಕ್ಕಿರುವ ನಾನು ಬಂದೂಕು ಕಂಡಿದ್ದು ಬ್ಯಾಂಕಿನ ಕಾವಲುಗಾರನ ಹೆಗಲ ಮೇಲೆ ಮಾತ್ರ. ಯೂರಿಯಾ ಚೀಲ ಇಳಿಸಲು ಹುಲಿಕೆರೆಗೆ ಹೋದಾಗ ಕಲ್ಲೇಶಪ್ಪನವರು ಜಗುಲಿಯಲ್ಲಿ ಕೂತು, ಉದ್ದನೆಯ ನಳಿಗೆಯ ಬಾಯಿಗೆ ತೆಂಗಿನ ನಾರು ತುರುಕಿ ಕಬ್ಬಿಣದ ಸರಳಿನಿಂದ ಜಡಿಯುತ್ತಿದ್ದರು. ತಳದಲ್ಲಿ ಕೊಳೆ ಉಳಿದಿದೆಯೇನೋ ನೋಡಿ ಹೇಳಿ ಉಪಕಾರ ಮಾಡೋಣವೆಂದು ನಾನು ನಳಿಗೆಯ ಬಾಯಿಗೆ ಕಣ್ಣಿಟ್ಟೆ. ಅವರು ಕಿವಿ ಹಿಡಿದು ನನ್ನನ್ನು ಆಚೆಗೆಳೆದರು. ಒಳಗೆ ಆಗಲೇ ಮದ್ದು, ಸೀಸದ ಗುಂಡು ಎಲ್ಲ ಇಳಿದಿತ್ತು. ನಾರು ಅದನ್ನು ಬಿಗಿ ಮಾಡಲು.

"ಏನ್ಲಾ, ಸಾಯಾಕೆ ನಮ್ಮ ಜಗುಲೀನೇ ಬೇಕಿತ್ತಾ?" ಅಂದರು.

ಕಲ್ಲೇಶಪ್ಪನವರಿಗೆ ಅರವತ್ತು ದಾಟಿದೆ. ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಲಿಂಗ, ಕೈಯಲ್ಲಿ ಅಪ್ಪನ ಕಾಲದ ಕೋವಿ. ಬೆಳೆ ಕಾಯಲು ಕೊಟ್ಟ ಲೈಸೆನ್ಸ್ ಇದೆ. ಅದರಲ್ಲಿ ಕಾಡುಹಂದಿಯ ಬಗ್ಗೆ ಏನು ಬರೆದಿದೆಯೋ ನಾನು ಕೇಳಿಲ್ಲ. ಅರಣ್ಯ ಇಲಾಖೆಯವರು ಇಂಥ ಬರಹಗಳನ್ನೆಲ್ಲ ಓದುವುದಿಲ್ಲವೆಂಬುದೇ ನನ್ನ ಧೈರ್ಯ. ಚುನಾವಣೆ ಬಂದರೆ ಕೋವಿ ಪೊಲೀಸ್ ಠಾಣೆ ಸೇರುತ್ತದೆ. ಆ ತಿಂಗಳು ಹಂದಿಗಳು ಓಟು ಕೇಳುವವರಷ್ಟೇ ಸಲೀಸಾಗಿ ಊರೊಳಗೆ ನುಗ್ಗುತ್ತವೆ.

ಹಂದಿ ಬಿದ್ದರೆ ಅವರು ಮುಟ್ಟುವುದಿಲ್ಲ. ತಿನ್ನುವವರಿಗೆ ಫೋನ್ ಮಾಡಿ, ಮನೆಗೆ ಬಂದು ಸ್ನಾನ ಮಾಡುತ್ತಾರೆ. ತಿನ್ನುವವರು ತೆಂಗಿನ ಗರಿಯಲ್ಲಿ ಸುಟ್ಟು, ಕೂದಲು ಹೆರೆದು, ಪಾಲು ಹಾಕಿಕೊಳ್ಳುತ್ತಾರೆ. ಸರಳಿಗೂ ಬ್ರಷ್ಷಿಗೂ ವ್ಯತ್ಯಾಸ ತಿಳಿಯದ ನಾನು ಪಾಲಿನ ಸಾಲಿನಲ್ಲಿ ಮಾತ್ರ ಮೊದಲಿಗ. ಅವರದು ಒಂದೇ ಷರತ್ತು: ತಿಂದವರು ಮರುದಿನ ಬಂದು ಹೇಗಿತ್ತೆಂದು ವರದಿ ಒಪ್ಪಿಸಬೇಕು. ಹೀಗೆ ಕೇಳಿ ಕೇಳಿಯೇ ಅವರೊಂದು ಶಾಸ್ತ್ರ ಕಟ್ಟಿದ್ದಾರೆ. ಮುಸುಕಿನ ಜೋಳ ತಿಂದ ಹಂದಿಯ ಮಾಂಸ ಸಿಹಿ. ಆಲೂಗಡ್ಡೆ ಹೊಲದ್ದು ಬರೀ ನೀರು ಬಿಡುತ್ತದೆ. ಶುಂಠಿ ಹೊಲದ್ದು ಮಸಾಲೆಯನ್ನು ಒಳಗೇ ಹಾಕಿಕೊಂಡು ಬರುತ್ತದೆ. ಮುದಿ ಗಂಡಾದರೆ ಪಾತ್ರೆಗೂ ವಾಸನೆ. ಗುಂಡು ಕರುಳಿಗೆ ತಗುಲಿದರೆ ಇಡೀ ಪಾಲು ಕಹಿ. ಹಳೇಬೀಡಿನ ಟೀ ಅಂಗಡಿಯಲ್ಲಿ ಇದನ್ನು ಅವರು ಎಷ್ಟು ಬಾಯಿ ಚಪ್ಪರಿಸಿ ಹೇಳುತ್ತಾರೆಂದರೆ, ಅವರು ತಿನ್ನುವುದಿಲ್ಲವೆಂದು ನಂಬಲು ಹೊಟ್ಟೆ ತುಂಬಿರಬೇಕು.

ಆ ಬಾಯಿ ಅವರ ಹೆಂಡತಿ ರುದ್ರಮ್ಮನವರಿಗೆ ಮುಳುವಾಗುವುದರಲ್ಲಿತ್ತು. ಗಂಡನ ಮನೆಗೆ ಬಂದಾಗಿನಿಂದ ಮಠದ ಸ್ವಾಮಿಗಳ ಪಾದಪೂಜೆ ತಮ್ಮ ಮನೆಯಲ್ಲಿ ಆಗಬೇಕೆಂದು ಆ ತಾಯಿಯ ಆಸೆ. ಈ ಸಲ ಸ್ವಾಮಿಗಳು ಒಪ್ಪಿದ್ದರು. ಗೋಡೆಗೆ ಸುಣ್ಣ, ಬಾಗಿಲಿಗೆ ಬಣ್ಣ ಆಗಿತ್ತು. ಅಷ್ಟರಲ್ಲಿ ಕಲ್ಲೇಶಪ್ಪ ಹಂದಿ ತಿನ್ನುತ್ತಾನೆಂದು ಯಾರೋ ಮಠಕ್ಕೆ ಮುಟ್ಟಿಸಿದರು.

ವಿಚಾರಣೆಗೆ ಬಂದವರು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪನವರು. ಸ್ವಾಮಿಗಳು ಯಾರ ಮನೆಗೆ ಹೋಗಬೇಕೆಂಬುದು ಅವರ ಬಾಯಲ್ಲೇ ತೀರ್ಮಾನ. ಕಾರು ಓಡಿಸಿಕೊಂಡು ಬಂದ ಅವರ ಅಳಿಯ ಬಸವಕುಮಾರ್ ಜಗುಲಿಯ ತುದಿಯಲ್ಲಿ ಫೋನಿಗೆ ಮುಖ ಹಾಕಿ ಕೂತಿದ್ದರು. ಬಾಕಿ ಕೇಳಲು ಹೋಗಿದ್ದ ನಾನು, ಮಾತು ಬಿಸಿಯಾದದ್ದು ಕಂಡು, ಕಂಬದ ಮರೆಯಲ್ಲಿ ವೀರನಂತೆ ನಿಂತೆ.

ಷಡಕ್ಷರಪ್ಪನವರು ಆಚಾರದ ಬಗ್ಗೆ, ಸಮಾಜದ ಬಗ್ಗೆ ದೀರ್ಘವಾಗಿ ಮಾತಾಡಿದರು. ಹೊಡೆಯುವುದು ಬೆಳೆ ಕಾಯಲು, ಅದನ್ನು ಬೇಕಾದರೆ ಮಠ ಕ್ಷಮಿಸೀತು ಅಂದರು. ರುದ್ರಮ್ಮನವರು ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದರು. ಹೇಗಾದರೂ ಒಳ್ಳೆಯ ಮಾತಾಡಿ ಮುಗಿಸೆಂದು ಅವರ ಕಣ್ಣು ಗಂಡನನ್ನು ಬೇಡುತ್ತಿತ್ತು.

"ಅಲ್ಲ ಕಲ್ಲೇಶಪ್ಪ," ಎಂದು ಷಡಕ್ಷರಪ್ಪನವರು ಕೊನೆಗೆ ವಿಷಯಕ್ಕೆ ಬಂದರು, "ಯಾವ ಹೊಲದ ಹಂದಿ ಹೆಂಗಿರುತ್ತೆ ಅಂತ ಟೀ ಅಂಗಡೀಲಿ ಪಾಠ ಹೇಳ್ತೀಯಂತೆ. ತಿನ್ನದೇ ಇದ್ರೆ ನಿಂಗೆ ರುಚಿ ಹೆಂಗ್ ಗೊತ್ತು?"

ಕಲ್ಲೇಶಪ್ಪನವರು ಹೆಂಡತಿಯ ಕಡೆ ನೋಡಲೇ ಇಲ್ಲ.

"ತಿಂದೋರು ಬಂದು ಹೇಳ್ತಾರೆ. ಹೋದ ಸಲದ ತೊಡೆ ಒಸಿ ಗಟ್ಟಿ ಆಯ್ತು ಅಂತ ದೂರು ಹೇಳಿದ್ದು ನಿಮ್ಮ ಅಳಿಯಂದ್ರೇ. ಅಗೋ ಅಲ್ಲೇ ಕೂತವ್ರೆ, ಕೇಳ್ರಿ."