ಗುರಿಯ ಗೆರೆ ಇಳಿದ ದಿನ

ಕಡೂರಿನ ಪಶು ಆಹಾರದ ಅಂಗಡಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಸಾಹುಕಾರರಿಗೆ ಊರೂರು ಸುತ್ತಿ ಮೂಟೆ ಮಾರುವ ಮೂರು ಲೈನ್ ಗಾಡಿ: ಕಡೂರಿಗೊಂದು, ತರೀಕೆರೆಗೊಂದು, ಅಜ್ಜಂಪುರಕ್ಕೊಂದು. ಆ ಸೋಮವಾರದ ಸಭೆಯಲ್ಲಿ ಗುರಿ ಮುಟ್ಟದ ಒಂದು ಗಾಡಿಯನ್ನು ನಿಲ್ಲಿಸುವುದಾಗಿ ಅವರು ಮೊದಲೇ ಹೇಳಿಬಿಟ್ಟಿದ್ದರು. ಗಾಡಿ ನಿಂತರೆ ಅದರಲ್ಲಿ ಮಾರುವವನೂ ಮನೆಗೆ.

ಗೋಡೆಯ ಟಿವಿಯಲ್ಲಿ ಮಾರಾಟದ ಲೆಕ್ಕ ತೋರಿಸುವ ಡ್ಯಾಶ್‌ಬೋರ್ಡ್ ತೆರೆದಿತ್ತು. ನೀಲಿ ಕಂಬ ಎಂದರೆ ಮಾರಿದ ಮೂಟೆ, ಕೆಂಪು ಗೆರೆ ಎಂದರೆ ಗುರಿ. ಸಾಹುಕಾರರು ಆಗಷ್ಟೇ ಮುಗಿದ ಮಳೆಗಾಲದ ತಿಂಗಳುಗಳನ್ನು ಆರಿಸಿ ಅಜ್ಜಂಪುರ ಒತ್ತಿದರು. ಕಂಬಗಳು ಕುಗ್ಗಿದವು. ಗೆರೆ ಇದ್ದಲ್ಲಿಂದ ಕದಲಲಿಲ್ಲ.

"ನೋಡ್ರಪ್ಪಾ, ಅರ್ಧಕ್ಕೂ ಬಂದಿಲ್ಲ."

ಅಜ್ಜಂಪುರದ ಗಾಡಿಯವರು ನಮ್ಮಪ್ಪನ ವಯಸ್ಸಿನವರು. ಟವೆಲ್ ಹಿಂಡುತ್ತಾ ಎದ್ದು ನಿಂತರು. "ಬುಕ್ಕಾಂಬುಧಿ ಗಂಟ ಒಂದ್ ಕೊಟ್ಟಿಗೆ ಬಿಟ್ಟಿಲ್ಲ ಸ್ವಾಮಿ."

ತರೀಕೆರೆ ಗಾಡಿಯವನು ನನ್ನ ಸ್ವಂತ ಅಣ್ಣ. ಪಕ್ಕದಲ್ಲೇ ಕೂತಿದ್ದವನು ಮೊಣಕೈಯಿಂದ ತಿವಿದ. "ಏನೋ ಎಡವಟ್ಟಾಗೈತೆ ಕಣೇ. ಆ ಗೆರೆಯಷ್ಟು ಮೂಟೆ ತಿನ್ನಕ್ಕೆ ಅಲ್ಲಿ ದನ ಎಲ್ಲವೆ? ಒಂಚೂರು ನೋಡೇ."

ನೋಡಿದೆ, ಮೈ ಉರಿದುಹೋಯಿತು. ಇದನ್ನು ಮಾಡಿಕೊಟ್ಟು ಹೋದ ಹೊರಗಿನವರು ಮೂರೂ ತಾಲ್ಲೂಕಿನ ಒಟ್ಟು ಗುರಿಯನ್ನು ಒಂದೇ ಅಂಕಿಯಾಗಿ ಅಂಟಿಸಿಬಿಟ್ಟಿದ್ದರು. ತಾಲ್ಲೂಕು ಆರಿಸುವ ಫಿಲ್ಟರ್ ಮಾರಾಟಕ್ಕೆ ತಾಗುತ್ತಿತ್ತು, ಗುರಿಗೆ ತಾಗುತ್ತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ ಇರಬೇಕು.

"ಗೆರೆ ತಪ್ಪಾಗಿದೆ, ಸ್ವಲ್ಪ ತಡೀರಿ," ಎಂದೆ. ಸಾಹುಕಾರರು ಮೇಜಿನ ಮೇಲೆ ಬೆರಳು ಬಡಿಯತೊಡಗಿದರು. ತಾಲ್ಲೂಕುವಾರು ಗುರಿಯ ಶೀಟನ್ನು ಮಾರಾಟದ ಶೀಟಿಗೆ ಜೋಡಿಸಿದೆ. ವರ್ಷದ ಗುರಿಯನ್ನು ತಿಂಗಳುಗಳಿಗೆ ಸಮನಾಗಿ ಹಂಚಿದೆ. ಎರರ್ ಬಂತು. ತಿದ್ದಿದೆ, ಮತ್ತೆ ಬಂತು. ಆ ಹಿರಿಯರು ಇನ್ನೂ ನಿಂತೇ ಇದ್ದರು.

ಕೊನೆಗೂ ಅಜ್ಜಂಪುರ ಒತ್ತಿದಾಗ ಗೆರೆ ಜರ್ರನೆ ಇಳಿದು ಕಂಬಗಳ ಕೆಳಗೆ ನಿಂತಿತು. ಅವರು ಗುರಿ ದಾಟಿದ್ದರು! ಅಣ್ಣ ನನ್ನ ಬೆನ್ನು ತಟ್ಟಿದ.

"ಹಂಗಾದ್ರೆ ಉಳಿದೋರ್ದೂ ನೋಡ್ಬಿಡಾಣ," ಎಂದರು ಸಾಹುಕಾರರು. ಕಡೂರು ದಾಟಿತ್ತು. ತರೀಕೆರೆ ಒತ್ತಿದರು. ಎಲ್ಲ ಕಂಬಗಳೂ ಗೆರೆಯ ಕೆಳಗೆ.

ನಾನು ಮಾಡಿದ ತಪ್ಪು ಹೊಳೆದದ್ದು ಆಗ. "ಮಳೆಗಾಲದಲ್ಲಿ ತರೀಕೆರೆಯ ಲಕ್ಕವಳ್ಳಿ ಕಡೆ ಇಲ್ಲಿಗಿಂತ ಜಾಸ್ತಿ ಮಳೆ, ಮೊಣಕಾಲುದ್ದ ಹುಲ್ಲಿರುತ್ತೆ, ಮೂಟೆ ಯಾರು ತಗೋತಾರೆ? ಗುರೀನ ಎಲ್ಲ ತಿಂಗಳಿಗೂ ಸಮ ಹಂಚಬಾರ್ದಿತ್ತು. ಹಸಿ ಹುಲ್ಲಿರೋ ತಿಂಗಳಲ್ಲಿ ಗೆರೆ ಇನ್ನೂ ಇಳೀಬೇಕು."

ಸಾಹುಕಾರರು ನಕ್ಕರು. "ಅವ್ರಿಗೆ ನೀನು ಇಳಿಸ್ದೆ, ನಾನು ಒಪ್ಕೊಂಡೆ. ಈಗ ನಿಮ್ಮಣ್ಣಂಗೂ ಇಳಿಸ್ತೀಯೇನಮ್ಮಾ?"

ಅಜ್ಜಂಪುರದವರು ಕೂಡ ನೆಲ ನೋಡುತ್ತಾ ಕೂತುಬಿಟ್ಟರು. ಹೇಳಿದ್ದೆಲ್ಲ ನಿಜವಾಗಿದ್ದರೂ ಅಣ್ಣನ ತಂಗಿ ಎಂಬ ಒಂದೇ ಕಾರಣಕ್ಕೆ ನನ್ನ ಮಾತು ಸುಳ್ಳಾಯಿತಲ್ಲ ಎಂದು ಅಳು ಬಂತು. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಗಾಡಿಯ ಕೀಯನ್ನು ಮೇಜಿನ ಮೇಲಿಟ್ಟ.

"ಬಿಡೇ. ನೋಡು ಅಂದೋನು ನಾನೇ ಅಲ್ವಾ," ಎಂದ.

ಅಣ್ಣನ ಗಾಡಿ ನಿಂತ ವಾರವೇ ಗೆರೆ ತಿಂಗಳಿಗೆ ತಕ್ಕಂತೆ ಏರಿಳಿಯುವ ಹಾಗೆ ಮಾಡಿದೆ. ಈಗ ಆ ಮಳೆಗಾಲವನ್ನು ಆರಿಸಿದರೂ ಅಣ್ಣನ ಕಂಬಗಳು ಗುರಿ ದಾಟಿ ನಿಲ್ಲುತ್ತವೆ. ಆದರೆ ನನ್ನನ್ನು ಬಿಟ್ಟು ಬೇರೆ ಯಾರೂ ತರೀಕೆರೆ ಒತ್ತುವುದಿಲ್ಲ.